ಕಾರ್ಯಕ್ಷಮತೆ ಆಧಾರಿತ ರಸ್ತೆ ನಿರ್ವಹಣಾ ಗುತ್ತಿಗೆ ಮತ್ತು ಕಾಂಕ್ರೀಟ್ ರಸ್ತೆಗಳ ಸ್ಥಿತಿ ಮೌಲ್ಯಮಾಪನ : ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ನಗರದಲ್ಲಿ ಸುಮಾರು 13,000 ಕಿಲೋಮೀಟರ್ ಉದ್ದದ ರಸ್ತೆಗಳಿವೆ. ಇವುಗಳ ಪೈಕಿ ಮುಖ್ಯ ಹಾಗೂ ಉಪಮುಖ್ಯ ರಸ್ತೆಗಳ ಉದ್ದ ಹತ್ತರಲ್ಲಿ ಒಂದು ಭಾಗದಷ್ಟಿದ್ದು, ವಾಹನ ಸಂಚಾರದ ಬಹುಪಾಲು ಹೊರೆಯನ್ನು ಇವೇ ಹೊರುತ್ತವೆ. 2017ರಿಂದ ಇಂತಹ ಹಲವು ರಸ್ತೆಗಳಲ್ಲಿ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವ, ಅಂದರೆ ವೈಟ್ ಟಾಪಿಂಗ್ ಕಾಮಗಾರಿಯನ್ನು ಹಂತಹಂತವಾಗಿ ಕೈಗೊಳ್ಳಲಾಗಿದೆ. ಮೊದಲ ಹಂತವೊಂದರಲ್ಲಿಯೇ 90 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳು ಸೇರಿದ್ದವು. 2024ರಲ್ಲಿ ಮತ್ತಷ್ಟು ರಸ್ತೆಗಳನ್ನು ಈ ಕಾಮಗಾರಿಗೆ ಆಯ್ಕೆ ಮಾಡಲಾಯಿತು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗದ ನಾಗರಿಕರಿಂದ ರಸ್ತೆಗಳಿಗೆ ಸಂಬಂಧಿಸಿದಂತೆ ಮುಖ್ಯವಾಗಿ ಮೂರು ಬಗೆಯ ಅರ್ಜಿಗಳು ಬರುತ್ತವೆ. ಮೊದಲನೆಯದು, ಹಾಳಾದ ರಸ್ತೆಯ ದುರಸ್ತಿ ಕೋರಿಕೆ. ಎರಡನೆಯದು, ನೀರು ಅಥವಾ ಒಳಚರಂಡಿ ಸಂಪರ್ಕಕ್ಕಾಗಿ ರಸ್ತೆ ಅಗೆಯಲು ಅನುಮತಿ ಕೋರಿಕೆ. ಮೂರನೆಯದು, ಕಾಮಗಾರಿಯ ವೆಚ್ಚ ಮತ್ತು ಗುಣಮಟ್ಟದ ಬಗ್ಗೆ ಮಾಹಿತಿ ಕೋರಿಕೆ. ಈ ಮೂರಕ್ಕೂ ಸಿಗುವ ಉತ್ತರವು ಆ ರಸ್ತೆಯನ್ನು ಯಾವ ಬಗೆಯ ಗುತ್ತಿಗೆಯಡಿ ನಿರ್ವಹಿಸಲಾಗುತ್ತಿದೆ ಮತ್ತು ಅದರ ಸ್ಥಿತಿಯನ್ನು ಹೇಗೆ ಅಳೆಯಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಈ ಎರಡೂ ವಿಷಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ನಿರ್ವಹಣಾ ಗುತ್ತಿಗೆಯ ಎರಡು ಬಗೆಗಳು

(ಅ) ಬಾಬುವಾರು ದರದ ಗುತ್ತಿಗೆ : ಇದು ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿ. ಕಾಮಗಾರಿಯನ್ನು ಬಾಬುಗಳನ್ನಾಗಿ ವಿಂಗಡಿಸಿ, ಪ್ರತಿ ಬಾಬಿಗೂ ದರ ನಿಗದಿಪಡಿಸಲಾಗುತ್ತದೆ. ಗುತ್ತಿಗೆದಾರರು ಎಷ್ಟು ಚದರ ಮೀಟರ್ ಗುಂಡಿ ಮುಚ್ಚಿದರು, ಎಷ್ಟು ಘನ ಮೀಟರ್ ಕಾಂಕ್ರೀಟ್ ಹಾಕಿದರು ಎಂಬುದನ್ನು ಅಭಿಯಂತರರು ಅಳತೆ ಪುಸ್ತಕದಲ್ಲಿ ದಾಖಲಿಸುತ್ತಾರೆ. ಬಿಲ್ಲು ಆ ಅಳತೆಯ ಮೇಲೆ ಪಾವತಿಯಾಗುತ್ತದೆ. ಒಂದೇ ಗುಂಡಿಯನ್ನು ವರ್ಷದಲ್ಲಿ ಮೂರು ಬಾರಿ ಮುಚ್ಚಿದ್ದಲ್ಲಿ, ದೋಷ ಹೊಣೆಗಾರಿಕೆ ಅವಧಿಯು ಅನ್ವಯವಾಗದಿದ್ದರೆ, ಮೂರು ಬಾರಿಯೂ ಹಣ ಸಂದಾಯವಾಗಬಹುದು. ಇಲ್ಲಿ ಹಣ ಸಂದಾಯವಾಗುವುದು ಮಾಡಿದ ಕೆಲಸಕ್ಕೆ. ಕೆಲಸದ ನಂತರ ರಸ್ತೆ ಹೇಗಿದೆ ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ.

(ಆ) ಕಾರ್ಯಕ್ಷಮತೆ ಆಧಾರಿತ ಗುತ್ತಿಗೆ : ಈ ಪದ್ಧತಿಯಲ್ಲಿ ರಸ್ತೆಯು ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಕರಾರಿನಲ್ಲಿಯೇ ಬರೆಯಲಾಗುತ್ತದೆ. ಉದಾಹರಣೆಗೆ, ‘ಗುಂಡಿ ಕಂಡುಬಂದಲ್ಲಿ ನಿಗದಿತ ಗಂಟೆಗಳೊಳಗೆ ಮುಚ್ಚತಕ್ಕದ್ದು’, ‘ಚರಂಡಿಯಲ್ಲಿ ನೀರು ನಿಲ್ಲತಕ್ಕದ್ದಲ್ಲ’, ‘ಸಂದುಗಳ ಮುಚ್ಚಳಿಕೆ ಕಿತ್ತುಹೋಗಿರತಕ್ಕದ್ದಲ್ಲ’ ಎಂಬಂತಹ ಷರತ್ತುಗಳಿರುತ್ತವೆ. ರಸ್ತೆಯು ಈ ಮಟ್ಟದಲ್ಲಿದ್ದರೆ ಗುತ್ತಿಗೆದಾರರಿಗೆ ಪ್ರತಿ ತಿಂಗಳು ಅಥವಾ ಪ್ರತಿ ಆರು ತಿಂಗಳಿಗೆ ಒಂದು ನಿಶ್ಚಿತ ಮೊತ್ತ ಸಂದಾಯವಾಗುತ್ತದೆ. ಮಟ್ಟ ಕುಸಿದರೆ ಮೊತ್ತ ಕಡಿತವಾಗುತ್ತದೆ. ಗುಂಡಿಯನ್ನು ಮೂರು ಬಾರಿ ಮುಚ್ಚಬೇಕಾಗಿ ಬಂದರೆ ಆ ಮೂರೂ ಬಾರಿಯ ಖರ್ಚು ಗುತ್ತಿಗೆದಾರರದ್ದೇ ಆಗಿರುತ್ತದೆ. ಆದ್ದರಿಂದ ಮೊದಲ ಬಾರಿಗೇ ಸರಿಯಾಗಿ ಮುಚ್ಚುವುದು ಮತ್ತು ಗುಂಡಿ ಬೀಳುವ ಮುನ್ನವೇ ಬಿರುಕು ಸರಿಪಡಿಸುವುದು ಅವರಿಗೇ ಲಾಭಕರ.

ಎರಡೂ ಪದ್ಧತಿಗಳಲ್ಲಿ ಟೆಂಡರ್ ಪ್ರಕ್ರಿಯೆಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ.

2. ಈ ಪದ್ಧತಿ ಬೆಳೆದುಬಂದ ಬಗೆ

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 1988ರಲ್ಲಿ ತನ್ನ ರಸ್ತೆ ನಿರ್ವಹಣೆಯನ್ನು ಗುತ್ತಿಗೆಗೆ ವಹಿಸಿದ್ದನ್ನು ಈ ಪದ್ಧತಿಯ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. 1990ರ ದಶಕದಲ್ಲಿ ಅರ್ಜೆಂಟೀನಾ, ಉರುಗ್ವೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು ಇದನ್ನು ತಮ್ಮದೇ ರೀತಿಯಲ್ಲಿ ಅಳವಡಿಸಿಕೊಂಡವು.

ಭಾರತದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ನಿರ್ವಹಣೆಗೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಹಲವು ವರ್ಷಗಳ ಅವಧಿಯ ಕಾರ್ಯಕ್ಷಮತೆ ಆಧಾರಿತ ಗುತ್ತಿಗೆಗಳನ್ನು ಬಳಸುತ್ತಿದೆ. ಗ್ರಾಮೀಣ ಭಾಗದಲ್ಲಿ, 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ, ರಸ್ತೆ ನಿರ್ಮಿಸಿದ ಗುತ್ತಿಗೆದಾರರೇ ಐದು ವರ್ಷಗಳ ಕಾಲ ಅದನ್ನು ನಿರ್ವಹಿಸತಕ್ಕದ್ದು. ಈ ನಿರ್ವಹಣೆಯ ಹಣವನ್ನು ರಸ್ತೆಯ ಸ್ಥಿತಿಯ ಆಧಾರದ ಮೇಲೆ, ಸ್ಥಳದ ಗುರುತುಳ್ಳ ಛಾಯಾಚಿತ್ರಗಳನ್ನು ಪರಿಶೀಲಿಸಿ ಪಾವತಿಸಲು ಇ-ಮಾರ್ಗ್ ಎಂಬ ಗಣಕೀಕೃತ ವ್ಯವಸ್ಥೆ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಈ ಯೋಜನೆಯನ್ನು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯು ಅನುಷ್ಠಾನಗೊಳಿಸುತ್ತದೆ.

ಪಶ್ಚಿಮ ಬೆಂಗಳೂರಿನ ನಾಗರಿಕರಿಗೆ ಸಮೀಪದ ಮತ್ತೊಂದು ನಿದರ್ಶನ ಕೆಂಗೇರಿಯಾಚೆ ಸಾಗುವ ಬೆಂಗಳೂರು-ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಈ ಹೆದ್ದಾರಿಯನ್ನು ಹೈಬ್ರಿಡ್ ಆನ್ಯುಯಿಟಿ ಮಾದರಿಯಲ್ಲಿ ನಿರ್ಮಿಸಲಾಯಿತು. ಈ ಮಾದರಿಯಲ್ಲಿ ಯೋಜನಾ ವೆಚ್ಚದ ಶೇಕಡ 40 ಭಾಗವು ನಿರ್ಮಾಣ ಕಾಲದಲ್ಲಿಯೂ, ಉಳಿದ ಶೇಕಡ 60 ಭಾಗವು ಸಾಮಾನ್ಯವಾಗಿ 15 ವರ್ಷಗಳ ಅರ್ಧವಾರ್ಷಿಕ ಕಂತುಗಳಲ್ಲಿಯೂ ಸಂದಾಯವಾಗುತ್ತದೆ. ಅಷ್ಟು ವರ್ಷವೂ ರಸ್ತೆಯ ನಿರ್ವಹಣೆ ನಿರ್ಮಾಣ ಮಾಡಿದವರ ಹೊಣೆಯಾಗಿರುತ್ತದೆ. ಇದು ಡಾಂಬರು ರಸ್ತೆಯಾದರೂ, ಹಣವನ್ನು ರಸ್ತೆಯ ಮುಂದಿನ ಸ್ಥಿತಿಯೊಂದಿಗೆ ಜೋಡಿಸುವ ತತ್ವವು ಒಂದೇ ಆಗಿದೆ.

3. ಕಾಂಕ್ರೀಟ್ ರಸ್ತೆಯ ರಚನೆ

ಡಾಂಬರು ರಸ್ತೆಯು ಚಕ್ರದ ಭಾರಕ್ಕೆ ಅಲ್ಪಸ್ವಲ್ಪ ಬಾಗಿ, ಭಾರವನ್ನು ಪದರದಿಂದ ಪದರಕ್ಕೆ ಕೆಳಗಿಳಿಸುತ್ತದೆ. ಕಾಂಕ್ರೀಟ್ ರಸ್ತೆಯು ಗಡುಸಾದ ಫಲಕಗಳ ಸಾಲು. ಭಾರವು ಇಡೀ ಫಲಕದ ಮೇಲೆ ಹರಡಿ ನೆಲವನ್ನು ತಲುಪುತ್ತದೆ. ಬಿಸಿಲಿಗೆ ಹಿಗ್ಗುವ ಮತ್ತು ತಂಪಿಗೆ ಕುಗ್ಗುವ ಕಾಂಕ್ರೀಟು ಮನಬಂದಂತೆ ಬಿರಿಯದಿರಲೆಂದು ನಿಗದಿತ ಅಂತರದಲ್ಲಿ ಗರಗಸದಿಂದ ಸೀಳಿ ಸಂದುಗಳನ್ನು ಮಾಡಲಾಗುತ್ತದೆ. ಪೂರ್ಣ ದಪ್ಪದ ಕಾಂಕ್ರೀಟ್ ರಸ್ತೆಗಳಲ್ಲಿ ಅಡ್ಡ ಸಂದುಗಳ ಅಂತರ ಸಾಮಾನ್ಯವಾಗಿ 4.5 ಮೀಟರ್. ಒಂದು ಫಲಕದ ಭಾರವನ್ನು ಪಕ್ಕದ ಫಲಕಕ್ಕೆ ದಾಟಿಸಲು ಈ ಸಂದುಗಳಲ್ಲಿ ನುಣುಪಾದ ಉಕ್ಕಿನ ಸರಳುಗಳನ್ನು ಇಡಲಾಗುತ್ತದೆ. ನೀರು ಹಾಗೂ ಮಣ್ಣು ಒಳಸೇರದಂತೆ ಸಂದಿನ ಬಾಯಿಗೆ ರಬ್ಬರಿನಂತಹ ಮುಚ್ಚಳಿಕೆ ತುಂಬಲಾಗುತ್ತದೆ.

ಇಂತಹ ರಸ್ತೆಗಳಿಗೆ ಸಾಮಾನ್ಯವಾಗಿ ಎಂ-40 ದರ್ಜೆಯ ಕಾಂಕ್ರೀಟನ್ನು ಬಳಸಲಾಗುತ್ತದೆ. ಹಾಕಿದ ಕಾಂಕ್ರೀಟನ್ನು ಕನಿಷ್ಠ 14 ದಿನ ತೇವದಲ್ಲಿರಿಸಿ, ಸಾಮಾನ್ಯ ಸಿಮೆಂಟಾದಲ್ಲಿ 28 ದಿನಗಳ ನಂತರ ವಾಹನಗಳಿಗೆ ತೆರೆಯುವುದು ಕ್ರಮ. ಕಾಮಗಾರಿ ಮುಗಿದಂತೆ ಕಂಡರೂ ರಸ್ತೆಯನ್ನು ಏಕೆ ತೆರೆದಿಲ್ಲವೆಂಬ ಪ್ರಶ್ನೆ ಸಾರ್ವಜನಿಕರಿಂದ ಬರುತ್ತಿರುತ್ತದೆ. ಅದಕ್ಕೆ ಕಾರಣ ಈ ಅವಧಿಯೇ ಆಗಿದೆ. ಅವಧಿಗೆ ಮುನ್ನ ತಡೆಬೇಲಿ ಸರಿಸಿ ವಾಹನ ಓಡಿಸಿದಲ್ಲಿ ಫಲಕದ ಮೂವತ್ತು ವರ್ಷಗಳ ಆಯುಷ್ಯವು ಮೊದಲ ವಾರದಲ್ಲಿಯೇ ಕುಂದುತ್ತದೆ.

ವೈಟ್ ಟಾಪಿಂಗ್‌ನಲ್ಲಿ ಹಳೆಯ ಡಾಂಬರನ್ನು ತಳಪಾಯವಾಗಿ ಉಳಿಸಿಕೊಂಡು ಅದರ ಮೇಲೆ ಕಾಂಕ್ರೀಟ್ ಹಾಸಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. : ಎಸ್.ಪಿ. : 76 ಮಾರ್ಗಸೂಚಿಯು 2008ರಲ್ಲಿ ಪ್ರಕಟವಾಗಿ 2015ರಲ್ಲಿ ಪರಿಷ್ಕೃತವಾಯಿತು. ಕಾಂಕ್ರೀಟಿನ ದಪ್ಪ 200 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ಸಾಂಪ್ರದಾಯಿಕ ವೈಟ್ ಟಾಪಿಂಗ್ ಎಂದೂ, 100ರಿಂದ 200 ಮಿಲಿಮೀಟರ್ ಇದ್ದಲ್ಲಿ ತೆಳು ವೈಟ್ ಟಾಪಿಂಗ್ ಎಂದೂ ಕರೆಯಲಾಗುತ್ತದೆ. ತೆಳು ಹಾಸಿನಲ್ಲಿ ಫಲಕಗಳು ಚಿಕ್ಕದಾಗಿರುತ್ತವೆ. ಆದ್ದರಿಂದ ರಸ್ತೆಯ ಮೇಲೆ ಚೌಕಚೌಕವಾದ ಗೆರೆಗಳು ಕಂಡುಬಂದಲ್ಲಿ ಅವು ಬಿರುಕುಗಳೆಂದು ಭಾವಿಸತಕ್ಕದ್ದಲ್ಲ. ಅವು ಉದ್ದೇಶಪೂರ್ವಕವಾಗಿ ಸೀಳಿದ ಸಂದುಗಳು.

4. ಕಾಂಕ್ರೀಟ್ ರಸ್ತೆ ಕೆಡುವ ಬಗೆ

ಕಾಂಕ್ರೀಟ್ ರಸ್ತೆಗೆ ನಿರ್ವಹಣೆಯೇ ಬೇಕಿಲ್ಲವೆಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ಡಾಂಬರು ರಸ್ತೆಗೆ ಹೋಲಿಸಿದಲ್ಲಿ ನಿರ್ವಹಣೆಯ ಪ್ರಮಾಣ ಕಡಿಮೆ. ಆದರೆ ಸಕಾಲದಲ್ಲಿ ಮಾಡದೇ ಇದ್ದಲ್ಲಿ ದುರಸ್ತಿಯ ವೆಚ್ಚ ಅಧಿಕ.

ಹಾನಿಯು ಬಹುತೇಕ ಸಂದಿನಿಂದ ಆರಂಭವಾಗುತ್ತದೆ. ಮುಚ್ಚಳಿಕೆ ಕಿತ್ತುಹೋದ ಸಂದಿನ ಮೂಲಕ ಮಳೆನೀರು ಫಲಕದ ಅಡಿಗೆ ಇಳಿಯುತ್ತದೆ. ಭಾರದ ವಾಹನ ಸಾಗಿದಾಗಲೆಲ್ಲ ಫಲಕವು ಕೆಳಗೊತ್ತಿ, ಆ ನೀರು ಸಣ್ಣ ಮಣ್ಣನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಕ್ರಮೇಣ ಫಲಕದ ಅಡಿ ಟೊಳ್ಳಾಗುತ್ತದೆ. ಆಧಾರ ಕಳೆದುಕೊಂಡ ಫಲಕದ ಮೂಲೆ ಮುರಿಯುತ್ತದೆ, ಅಥವಾ ಒಂದು ಫಲಕ ತಗ್ಗಿ ಪಕ್ಕದ್ದು ಎತ್ತರವಾಗಿ ಮೆಟ್ಟಿಲು ಉಂಟಾಗುತ್ತದೆ. ಸಂದಿನ ಬಳಿ ಕೆಂಪು ಮಣ್ಣಿನ ಕಲೆ ಕಂಡುಬಂದಲ್ಲಿ ಅಡಿಯಿಂದ ಮಣ್ಣು ಹೊರಬರುತ್ತಿದೆ ಎಂದು ತಿಳಿಯಬಹುದು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಅಧಿಕವಾದ್ದರಿಂದ, ಸಂದುಗಳ ಪರಿಶೀಲನೆಯನ್ನು ಮಳೆಗಾಲಕ್ಕೆ ಮುನ್ನವೇ ಮುಗಿಸುವುದು ಸೂಕ್ತ.

ಎರಡನೆಯ ಕಾರಣ ಭಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಆಶೋ ರಸ್ತೆ ಪರೀಕ್ಷೆಯ ಪ್ರಕಾರ ರಸ್ತೆಗಾಗುವ ಹಾನಿಯು ಅಚ್ಚಿನ ಭಾರದ ನಾಲ್ಕನೇ ಘಾತಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ. ಅಂದರೆ ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟಾಗುತ್ತದೆ. ಕೈಗಾರಿಕಾ ಪ್ರದೇಶದ ಲಾರಿಗಳು ಸಾಗುವ ರಾಜಾಜಿನಗರದ ರಸ್ತೆಗಳಿಗೂ, ದ್ವಿಚಕ್ರ ವಾಹನ ಮತ್ತು ಕಾರುಗಳೇ ಹೆಚ್ಚಾಗಿರುವ ಬಡಾವಣೆಯ ಅಡ್ಡರಸ್ತೆಗಳಿಗೂ ಒಂದೇ ಅಳತೆಗೋಲು ಅನ್ವಯವಾಗದಿರುವುದು ಇದರಿಂದಾಗಿಯೇ.

ಮೂರನೆಯ ಕಾರಣ ಅಗೆತ. ಇದರ ಬಗ್ಗೆ 7ನೇ ಕಂಡಿಕೆಯಲ್ಲಿ ವಿವರಿಸಲಾಗಿದೆ.

5. ಸ್ಥಿತಿ ಮೌಲ್ಯಮಾಪನ ಹೇಗೆ ನಡೆಯುತ್ತದೆ

ಹಣ ಸಂದಾಯವು ರಸ್ತೆಯ ಸ್ಥಿತಿಯನ್ನು ಅವಲಂಬಿಸಿರುವಾಗ, ಆ ಸ್ಥಿತಿಯನ್ನು ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಅಳೆದರೂ ಸರಿಸುಮಾರು ಒಂದೇ ಉತ್ತರ ಬರುವಂತಿರಬೇಕು. ‘ರಸ್ತೆ ಚೆನ್ನಾಗಿದೆ’ ಎಂಬ ಷರಾ ಬಿಲ್ಲಿಗೆ ಆಧಾರವಾಗಲಾರದು. ಈ ಉದ್ದೇಶಕ್ಕಾಗಿ ಕೆಳಕಂಡ ವಿಧಾನಗಳು ಬಳಕೆಯಲ್ಲಿವೆ.

(ಅ) ಕಣ್ಣಳತೆಯ ಸಮೀಕ್ಷೆ : ತರಬೇತಿ ಪಡೆದ ಸಿಬ್ಬಂದಿ ರಸ್ತೆಯುದ್ದಕ್ಕೂ ನಡೆದು ಪ್ರತಿ ಫಲಕದ ದೋಷವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. : ಎಸ್.ಪಿ. : 83 ಮಾರ್ಗಸೂಚಿಯು ಕಾಂಕ್ರೀಟ್ ರಸ್ತೆಗಳ ನಿರ್ವಹಣೆ ಮತ್ತು ದುರಸ್ತಿಗೆ ಮೀಸಲಾಗಿದ್ದು, ದೋಷದ ತೀವ್ರತೆಯನ್ನು 0ಯಿಂದ 5ರವರೆಗಿನ ಶ್ರೇಣಿಯಲ್ಲಿ ಗುರುತಿಸುತ್ತದೆ. 0 ಎಂದರೆ ದೋಷ ಕಾಣದು. 5 ಎಂದರೆ ಅತಿ ತೀವ್ರ.

(ಆ) ರಸ್ತೆ ಸ್ಥಿತಿ ಸೂಚ್ಯಂಕ : 1970ರ ದಶಕದಲ್ಲಿ ಅಮೆರಿಕದ ಸೇನಾ ಅಭಿಯಂತರರ ದಳವು ರೂಪಿಸಿದ ಈ ಸೂಚ್ಯಂಕವು 0ಯಿಂದ 100ರವರೆಗೆ ಇರುತ್ತದೆ. ದೋಷರಹಿತ ರಸ್ತೆಗೆ 100 ಅಂಕ. ಪ್ರತಿ ದೋಷದ ಬಗೆ, ತೀವ್ರತೆ ಮತ್ತು ವ್ಯಾಪ್ತಿಗೆ ಅನುಗುಣವಾಗಿ ಅಂಕ ಕಳೆಯಲಾಗುತ್ತದೆ. ಈ ಪದ್ಧತಿಯಲ್ಲಿ ಕಾಂಕ್ರೀಟ್ ರಸ್ತೆಗೆ 19 ಬಗೆಯ ದೋಷಗಳನ್ನು ಪಟ್ಟಿ ಮಾಡಲಾಗಿದೆ. 85ಕ್ಕೂ ಮೇಲ್ಪಟ್ಟ ಅಂಕವು ಉತ್ತಮ ಸ್ಥಿತಿಯನ್ನೂ, 40ಕ್ಕಿಂತ ಕಡಿಮೆ ಅಂಕವು ಬಹಳ ಕೆಟ್ಟ ಸ್ಥಿತಿಯನ್ನೂ ಸೂಚಿಸುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗೆ ನೋಡಬಹುದು. ಎರಡು ಪಥಗಳ 1 ಕಿಲೋಮೀಟರ್ ರಸ್ತೆಯಲ್ಲಿ 4.5 ಮೀಟರ್ ಉದ್ದದ ಫಲಕಗಳಿದ್ದರೆ, ಪ್ರತಿ ಪಥದಲ್ಲಿ ಸುಮಾರು 222, ಒಟ್ಟು 444 ಫಲಕಗಳಿರುತ್ತವೆ. 20 ಫಲಕಗಳಿಗೆ ಒಂದರಂತೆ ಸುಮಾರು 22 ನಮೂನಾ ಘಟಕಗಳಾಗುತ್ತವೆ. ಒಂದು ಘಟಕದ 20 ಫಲಕಗಳಲ್ಲಿ 4 ಫಲಕಗಳು ಬಿರಿದಿದ್ದಲ್ಲಿ ಆ ದೋಷದ ವ್ಯಾಪ್ತಿ ಶೇಕಡ 20. ಅದೇ ಘಟಕದ 2 ಫಲಕಗಳ ನಡುವೆ ಮೆಟ್ಟಿಲು ಬಿದ್ದಿದ್ದಲ್ಲಿ ಅದರ ವ್ಯಾಪ್ತಿಯನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಮೆಟ್ಟಿಲಿನ ಎತ್ತರ 3ರಿಂದ 10 ಮಿಲಿಮೀಟರ್ ಇದ್ದಲ್ಲಿ ಅಲ್ಪ, 10ರಿಂದ 20 ಇದ್ದಲ್ಲಿ ಮಧ್ಯಮ, 20ಕ್ಕೂ ಹೆಚ್ಚಿದ್ದಲ್ಲಿ ತೀವ್ರ ಎಂದು ಪರಿಗಣಿಸಲಾಗುತ್ತದೆ. ಎಲ್ಲ ಘಟಕಗಳನ್ನೂ ಅಳೆಯಲಾಗದಿದ್ದಲ್ಲಿ ನಿಯಮಿತ ಅಂತರದ ಕೆಲವನ್ನು ಆಯ್ದುಕೊಳ್ಳಲಾಗುತ್ತದೆ. ಚೆನ್ನಾಗಿರುವ ಘಟಕಗಳನ್ನಷ್ಟೇ ಆಯ್ದಲ್ಲಿ ಫಲಿತಾಂಶ ತಪ್ಪುತ್ತದೆಯಾದ್ದರಿಂದ, ಆಯ್ಕೆಯ ಕ್ರಮವನ್ನು ಮೊದಲೇ ಬರೆದಿಡುವುದು ಅಗತ್ಯ.

(ಇ) ಮೇಲ್ಮೈಯ ಒರಟುತನ : ವಾಹನದಲ್ಲಿ ಕುಳಿತವರಿಗೆ ತಗಲುವ ಕುಲುಕಾಟವನ್ನು ಅಂತಾರಾಷ್ಟ್ರೀಯ ಒರಟುತನ ಸೂಚ್ಯಂಕದ ಮೂಲಕ ಅಳೆಯಲಾಗುತ್ತದೆ. 1982ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಬ್ಯಾಂಕಿನ ಪ್ರಯೋಗದ ಫಲವಾಗಿ ರೂಪುಗೊಂಡ ಈ ಸೂಚ್ಯಂಕವನ್ನು ಕಿಲೋಮೀಟರಿಗೆ ಇಷ್ಟು ಮೀಟರ್ ಎಂದು ಹೇಳಲಾಗುತ್ತದೆ. ಸಂಖ್ಯೆ ಕಡಿಮೆಯಿದ್ದಷ್ಟೂ ರಸ್ತೆ ನಯ.

(ಈ) ಒಳಗಿನ ಬಲ : ಮೇಲ್ನೋಟಕ್ಕೆ ಸರಿಯಾಗಿ ಕಾಣುವ ಫಲಕದ ಅಡಿ ಟೊಳ್ಳಾಗಿರಬಹುದು. ಇದನ್ನು ಪತ್ತೆಹಚ್ಚಲು ನಿಗದಿತ ತೂಕವನ್ನು ಫಲಕದ ಮೇಲೆ ಬೀಳಿಸಿ, ಅದು ಎಷ್ಟು ಬಾಗುತ್ತದೆ ಮತ್ತು ಸಂದಿನ ಆಚೆಗಿನ ಫಲಕಕ್ಕೆ ಎಷ್ಟು ಭಾರ ದಾಟುತ್ತದೆ ಎಂಬುದನ್ನು ಉಪಕರಣದಿಂದ ಅಳೆಯಲಾಗುತ್ತದೆ. ಕಾಂಕ್ರೀಟ್ ರಸ್ತೆಗಳ ಈ ಪರೀಕ್ಷೆಗೆ ಐ.ಆರ್.ಸಿ. : 117-2015 ಮಾರ್ಗಸೂಚಿ ಇದೆ.

6. ಹಣ ಸಂದಾಯದ ಲೆಕ್ಕ

ಕೆಳಕಂಡ ಅಂಕಿಗಳು ವಿವರಣೆಗಾಗಿ ಮಾತ್ರ ನೀಡಿದವುಗಳಾಗಿದ್ದು, ಯಾವುದೇ ನಿರ್ದಿಷ್ಟ ಗುತ್ತಿಗೆಗೆ ಸಂಬಂಧಿಸಿದ್ದಲ್ಲ.

5 ಕಿಲೋಮೀಟರ್ ರಸ್ತೆಯ ನಿರ್ವಹಣೆಗೆ ಕಿಲೋಮೀಟರಿಗೆ ತಿಂಗಳಿಗೆ ರೂ. 60,000ದಂತೆ ಒಟ್ಟು ರೂ. 3,00,000 ನಿಗದಿಯಾಗಿದೆ ಎಂದುಕೊಳ್ಳೋಣ. ಕರಾರಿನ ಪ್ರಕಾರ ಫಲಕಗಳ ಸ್ಥಿತಿಗೆ ಶೇಕಡ 40, ಸಂದುಗಳಿಗೆ ಶೇಕಡ 20, ಚರಂಡಿಗಳಿಗೆ ಶೇಕಡ 25, ಪಾದಚಾರಿ ಮಾರ್ಗ ಹಾಗೂ ಗುರುತುಗಳಿಗೆ ಶೇಕಡ 15 ತೂಕವಿದೆ.

ತಪಾಸಣೆಯಲ್ಲಿ 1 ಕಿಲೋಮೀಟರಿನಲ್ಲಿ ಸಂದುಗಳು ಮಟ್ಟ ತಲುಪಿಲ್ಲವೆಂದು ಕಂಡುಬಂದಲ್ಲಿ ರೂ. 60,000ದ ಶೇಕಡ 20, ಅಂದರೆ ರೂ. 12,000 ಕಡಿತ. 2 ಕಿಲೋಮೀಟರಿನಲ್ಲಿ ಚರಂಡಿ ಮಟ್ಟ ತಲುಪಿಲ್ಲವಾದಲ್ಲಿ ರೂ. 1,20,000ದ ಶೇಕಡ 25, ಅಂದರೆ ರೂ. 30,000 ಕಡಿತ. ಮುರಿದ ಮೂಲೆಯೊಂದನ್ನು ಸುರಕ್ಷಿತಗೊಳಿಸಲು 3 ದಿನ ತಡವಾಗಿ, ದಿನಕ್ಕೆ ರೂ. 1,000 ದಂಡವಿದ್ದಲ್ಲಿ ರೂ. 3,000. ಒಟ್ಟು ಕಡಿತ ರೂ. 45,000. ಆ ತಿಂಗಳ ಸಂದಾಯ ರೂ. 2,55,000.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಂಡದ ಮೂರು ದಿನಗಳನ್ನು ಎಣಿಸುವುದು ದೋಷವು ದಾಖಲಾದ ಸಮಯದಿಂದ. ದೋಷವನ್ನು ಯಾರೂ ದಾಖಲಿಸದಿದ್ದಲ್ಲಿ ಗಡಿಯಾರ ಆರಂಭವಾಗುವುದೇ ಇಲ್ಲ. ಆದ್ದರಿಂದ ನಾಗರಿಕರು ನೀಡುವ ದೂರು ಈ ಪದ್ಧತಿಯಲ್ಲಿ ಲೆಕ್ಕಪತ್ರದ ಒಂದು ದಾಖಲೆಯೂ ಆಗುತ್ತದೆ.

7. ರಸ್ತೆ ಅಗೆತಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಕಾಂಕ್ರೀಟ್ ರಸ್ತೆಯಲ್ಲಿ ಒಂದು ಕೊಳವೆಗಾಗಿ ಕಿರಿದಾದ ಕಾಲುವೆ ತೋಡಿ, ಅದಕ್ಕೆ ಜಲ್ಲಿ-ಸಿಮೆಂಟು ತುಂಬಿ ಮುಚ್ಚುವುದರಿಂದ ಫಲಕದ ಬಲ ಮರಳಿ ಬರುವುದಿಲ್ಲ. ಕತ್ತರಿಸಿದ ಫಲಕವು ಎರಡು ದುರ್ಬಲ ತುಂಡುಗಳಾಗಿ, ಕೆಲವೇ ಮಳೆಗಾಲಗಳಲ್ಲಿ ಒಡೆಯುತ್ತದೆ. ಸರಿಯಾದ ಕ್ರಮವೆಂದರೆ ಫಲಕವನ್ನು ಸಂದಿನಿಂದ ಸಂದಿಗೆ ಗರಗಸದಿಂದ ಪೂರ್ಣ ಆಳಕ್ಕೆ ಕತ್ತರಿಸಿ ತೆಗೆಯುವುದು, ಕೊಳವೆಯ ಮೇಲಿನ ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡುವುದು, ಪಕ್ಕದ ಫಲಕಗಳಿಗೆ ಸರಳುಗಳನ್ನು ಕೂಡಿಸಿ ಹೊಸ ಕಾಂಕ್ರೀಟ್ ಹಾಕುವುದು, ತೇವದಲ್ಲಿರಿಸುವುದು ಮತ್ತು ಸಂದುಗಳನ್ನು ಮುಚ್ಚುವುದು. ಇದರ ವೆಚ್ಚ ಡಾಂಬರು ರಸ್ತೆಯ ಪುನರ್‌ಸ್ಥಾಪನೆಗಿಂತ ಅಧಿಕ.

ಗುತ್ತಿಗೆಯ ದೃಷ್ಟಿಯಿಂದಲೂ ಇದು ಮುಖ್ಯ. ಅನುಮತಿಯಿಲ್ಲದ ಅಗೆತ ನಡೆದಲ್ಲಿ, ಆ ಫಲಕದ ಹಾನಿಗೆ ತಾವು ಹೊಣೆಯಲ್ಲವೆಂದು ಗುತ್ತಿಗೆದಾರರು ವಾದಿಸಲು ಅವಕಾಶವಾಗುತ್ತದೆ. ಒಂದು ಮನೆಯ ಸಂಪರ್ಕಕ್ಕಾಗಿ ನಡೆದ ಅನಧಿಕೃತ ಅಗೆತವು ಇಡೀ ಬೀದಿಯ ದುರಸ್ತಿಯನ್ನು ವಿವಾದಕ್ಕೆ ಸಿಲುಕಿಸಬಹುದು. ಆದುದರಿಂದ ಅರ್ಜಿದಾರರು ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ.

(1) ತಮ್ಮ ಬೀದಿಯಲ್ಲಿ ಕಾಂಕ್ರೀಟ್ ಕಾಮಗಾರಿಯ ಪ್ರಸ್ತಾವನೆ ಇರುವುದು ತಿಳಿದುಬಂದ ಕೂಡಲೇ ಬಾಕಿಯಿರುವ ನೀರು ಮತ್ತು ಒಳಚರಂಡಿ ಸಂಪರ್ಕಗಳಿಗೆ ಜಲಮಂಡಳಿಗೆ ಅರ್ಜಿ ಸಲ್ಲಿಸುವುದು. ಹೆಚ್ಚುವರಿ ಮಹಡಿ ಅಥವಾ ಖಾಲಿ ನಿವೇಶನದಲ್ಲಿ ಮನೆ ಕಟ್ಟುವ ಉದ್ದೇಶವಿದ್ದಲ್ಲಿ ಅದನ್ನೂ ಕಾಮಗಾರಿಯ ಅಭಿಯಂತರರ ಗಮನಕ್ಕೆ ತರುವುದು.

(2) ರಸ್ತೆಯ ಬದಿಯಲ್ಲಿ ಕೊಳವೆ ಹಾಗೂ ಕೇಬಲ್‌ಗಳಿಗಾಗಿ ಪ್ರತ್ಯೇಕ ಮಾರ್ಗವನ್ನು ಬಿಟ್ಟಿದ್ದಲ್ಲಿ, ಸಂಪರ್ಕವನ್ನು ಆ ಮಾರ್ಗದಿಂದಲೇ ಪಡೆಯಲು ಸಾಧ್ಯವೇ ಎಂದು ವಿಚಾರಿಸುವುದು.

(3) ಹಾಸಿನ ದಪ್ಪದಿಂದ ರಸ್ತೆಯ ಮಟ್ಟ ಏರಿ ಮನೆಯ ಬಾಗಿಲಿಗೆ ನೀರು ನುಗ್ಗುವ ಸಂಭವವಿದ್ದಲ್ಲಿ, ಕಾಂಕ್ರೀಟ್ ಹಾಕುವ ಮೊದಲೇ ಲಿಖಿತ ಆಕ್ಷೇಪಣೆ ಸಲ್ಲಿಸುವುದು. ಕಾಂಕ್ರೀಟ್ ಗಟ್ಟಿಯಾದ ನಂತರ ಮಟ್ಟವನ್ನು ತಗ್ಗಿಸುವುದು ಕಷ್ಟಸಾಧ್ಯ.

(4) ಅಗೆತ ಅನಿವಾರ್ಯವಾದಲ್ಲಿ ನಿಗದಿತ ಶುಲ್ಕ ಪಾವತಿಸಿ ಅನುಮತಿ ಪತ್ರ ಪಡೆಯುವುದು. ಅಗೆಯುವ ಮುನ್ನ ಹಾಗೂ ಪುನರ್‌ಸ್ಥಾಪನೆಯ ನಂತರದ ಛಾಯಾಚಿತ್ರಗಳನ್ನು ರಸೀದಿಯೊಂದಿಗೆ ಇಟ್ಟುಕೊಳ್ಳುವುದು.

8. ದೂರು ಸಲ್ಲಿಸುವ ಬಗೆ

ಮೊದಲು ರಸ್ತೆಯು ಯಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಹಿಂದಿನ ಕೆಂಗೇರಿ ಪುರಸಭೆಯ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರ ಅನ್ವಯ 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ವಲಯದ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಸಾಗಿ ವಿಳಂಬವಾಗುವುದರಿಂದ ಹೊಸ ಪಾಲಿಕೆ ಮತ್ತು ವಾರ್ಡಿನ ವಿವರವನ್ನು ನಮೂದಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿಗಳು, ರಾಜ್ಯ ಹೆದ್ದಾರಿಗಳು ಮತ್ತು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇನ್ನೂ ಹಸ್ತಾಂತರಿಸದ ಬಡಾವಣೆಗಳ ರಸ್ತೆಗಳು ಬೇರೆ ಸಂಸ್ಥೆಗಳ ಹೊಣೆಯಾಗಿರುತ್ತವೆ.

ದೂರಿನಲ್ಲಿ ಈ ಕೆಳಕಂಡ ವಿವರಗಳಿರಲಿ :

(ಅ) ಸ್ಥಳ : ಮುಖ್ಯರಸ್ತೆ, ಅಡ್ಡರಸ್ತೆ, ಸಮೀಪದ ವೃತ್ತ ಅಥವಾ ಬಸ್ ನಿಲ್ದಾಣ, ಯಾವ ಕಡೆಗೆ ಹೋಗುವ ಪಥ.
(ಆ) ದೋಷದ ಬಗೆ : ಬಿರುಕು, ಮುರಿದ ಮೂಲೆ, ಮೆಟ್ಟಿಲು, ಕಿತ್ತ ಸಂದು, ಕುಸಿದ ಮ್ಯಾನ್‌ಹೋಲ್ ಅಂಚು, ನಿಂತ ನೀರು.
(ಇ) ಪ್ರಮಾಣ : ಎಷ್ಟು ಫಲಕಗಳು, ಸುಮಾರು ಎಷ್ಟು ಆಳ ಅಥವಾ ಎತ್ತರ. ಛಾಯಾಚಿತ್ರದಲ್ಲಿ ಅಳತೆಪಟ್ಟಿ ಅಥವಾ ನಾಣ್ಯವನ್ನು ಇರಿಸಿದಲ್ಲಿ ಅನುಕೂಲ.
(ಈ) ಮೊದಲು ಕಂಡ ದಿನಾಂಕ.

‘ರಸ್ತೆ ಹಾಳಾಗಿದೆ, ಸರಿಪಡಿಸಿ’ ಎಂಬ ದೂರಿಗೂ, ‘ಇಂತಹ ವೃತ್ತದಿಂದ ಪಶ್ಚಿಮಕ್ಕೆ ಹೋಗುವ ಎಡ ಪಥದಲ್ಲಿ ಮೂರು ಫಲಕಗಳ ಮೂಲೆ ಮುರಿದಿದೆ, ಸಂದಿನಿಂದ ಮಣ್ಣು ಚಿಮ್ಮುತ್ತಿದೆ’ ಎಂಬ ದೂರಿಗೂ ವ್ಯತ್ಯಾಸವಿದೆ. ಎರಡನೆಯದನ್ನು ತಪಾಸಣಾ ದಾಖಲೆಯೊಂದಿಗೆ ಹೋಲಿಸಬಹುದು. ದೂರುಗಳನ್ನು ಸಹಾಯವಾಣಿ 1533ರ ಮೂಲಕ ಅಥವಾ ವಾರ್ಡ್ ಕಚೇರಿಯಲ್ಲಿ ಲಿಖಿತವಾಗಿ ಸಲ್ಲಿಸಬಹುದು. ದೂರಿನ ಸಂಖ್ಯೆಯನ್ನು ತಪ್ಪದೇ ಪಡೆದುಕೊಳ್ಳುವುದು.

9. ದಾಖಲೆ ಪಡೆಯುವ ಹಕ್ಕು

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಜೆ) ಅನ್ವಯ ನಾಗರಿಕರು ದಾಖಲೆಗಳ ಪ್ರತಿ ಪಡೆಯುವುದರ ಜೊತೆಗೆ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಲು ಮತ್ತು ಬಳಸಿದ ಸಾಮಗ್ರಿಯ ಪ್ರಮಾಣೀಕೃತ ನಮೂನೆ ಪಡೆಯಲು ಸಹ ಹಕ್ಕುಳ್ಳವರಾಗಿರುತ್ತಾರೆ. ಅರ್ಜಿ ಶುಲ್ಕ ರೂ. 10. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿಗೆ ಅವಕಾಶವಿದೆ.

ರಸ್ತೆಯೊಂದರ ಬಗ್ಗೆ ಕೇಳಬಹುದಾದ ಮುಖ್ಯ ದಾಖಲೆಗಳು : ಗುತ್ತಿಗೆ ಕರಾರು ಮತ್ತು ಅದರಲ್ಲಿನ ಸೇವಾ ಮಟ್ಟದ ಪಟ್ಟಿ, ದೋಷ ಹೊಣೆಗಾರಿಕೆ ಅವಧಿಯ ಆರಂಭ ಹಾಗೂ ಅಂತ್ಯದ ದಿನಾಂಕ, ತಪಾಸಣಾ ವರದಿಗಳು, ಕಡಿತದ ವಿವರವುಳ್ಳ ಬಿಲ್ಲುಗಳು, ಕಾಂಕ್ರೀಟ್ ಪರೀಕ್ಷಾ ವರದಿಗಳು.

ಇದರೊಂದಿಗೆ, ಉತ್ತಮ ಸ್ಥಿತಿಯ ರಸ್ತೆ ಮತ್ತು ಪಾದಚಾರಿ ಮಾರ್ಗಗಳನ್ನು ಹೊಂದುವುದು ಸಂವಿಧಾನದ 21ನೇ ಅನುಚ್ಛೇದದಡಿ ನಾಗರಿಕರ ಹಕ್ಕಿನ ಭಾಗವೆಂದು, ಬೆಂಗಳೂರಿನ ರಸ್ತೆಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಪರಿಗಣಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

10. ಪದ್ಧತಿಯ ಮಿತಿಗಳು

ಕಾರ್ಯಕ್ಷಮತೆ ಆಧಾರಿತ ಗುತ್ತಿಗೆಯು ತಾನಾಗಿಯೇ ಉತ್ತಮ ರಸ್ತೆಯನ್ನು ನೀಡುವುದಿಲ್ಲ. ತಪಾಸಣೆ ನಡೆಯದೇ ಇದ್ದಲ್ಲಿ ನಿಶ್ಚಿತ ಮೊತ್ತವು ಕೆಲಸವಿಲ್ಲದೆಯೂ ಸಂದಾಯವಾಗುವ ಅಪಾಯವಿದೆ. ಈ ಕಾರಣದಿಂದ ಇಲ್ಲಿ ತಪಾಸಣೆಯ ಹೊಣೆ ಬಾಬುವಾರು ಪದ್ಧತಿಗಿಂತ ಹೆಚ್ಚು. ಗುತ್ತಿಗೆಯ ಆರಂಭದಲ್ಲಿ ರಸ್ತೆಯ ಸ್ಥಿತಿಯನ್ನು ಜಂಟಿಯಾಗಿ ಅಳೆದು ಸಹಿ ಮಾಡದಿದ್ದಲ್ಲಿ, ಮುಂದೆ ಕಂಡುಬರುವ ಬಿರುಕು ಹಳೆಯದೋ ಹೊಸದೋ ಎಂಬ ವಿವಾದ ಉಂಟಾಗುತ್ತದೆ. ಅತಿ ಕಡಿಮೆ ದರಕ್ಕೆ ಗುತ್ತಿಗೆ ಪಡೆದವರು ದಂಡವನ್ನು ಖರ್ಚಿನ ಭಾಗವೆಂದು ಭಾವಿಸಿ ದುರಸ್ತಿ ಮಾಡದಿರುವ ಸಾಧ್ಯತೆಯೂ ಇದೆ. ಆದ್ದರಿಂದ ದುರಸ್ತಿಯ ವೆಚ್ಚಕ್ಕಿಂತ ಕಡಿತದ ಮೊತ್ತ ಹೆಚ್ಚಿರುವಂತೆ ಕರಾರನ್ನು ರಚಿಸಬೇಕಾಗುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ : ಫಲಕದಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಇಡೀ ಫಲಕ ಬದಲಿಸಬೇಕೇ?
ಉತ್ತರ : ಬೇಕಿಲ್ಲ. ಮೇಲ್ಮೈಯ ಸಣ್ಣ ಬಿರುಕುಗಳನ್ನು ಮುಚ್ಚಿ ಗಮನಿಸುತ್ತಿದ್ದರೆ ಸಾಕು. ಉದ್ದುದ್ದ ಬಿರುಕುಗಳಿಗೆ ಉಕ್ಕಿನ ಸರಳುಗಳಿಂದ ಹೊಲಿಗೆ ಹಾಕುವ ವಿಧಾನವಿದೆ. ಫಲಕವು ನಾಲ್ಕು ಅಥವಾ ಹೆಚ್ಚು ತುಂಡುಗಳಾಗಿದ್ದಲ್ಲಿ ಬದಲಿಸುವುದೇ ಸಾಮಾನ್ಯ ಕ್ರಮ.

ಪ್ರಶ್ನೆ : ಒಡೆದ ಕಾಂಕ್ರೀಟಿಗೆ ಡಾಂಬರು ಹಾಕಿ ಮುಚ್ಚಿದ್ದಾರೆ. ಇದು ಸರಿಯೇ?
ಉತ್ತರ : ಅಪಘಾತ ತಪ್ಪಿಸಲು ತಾತ್ಕಾಲಿಕವಾಗಿ ಒಪ್ಪಬಹುದು. ಶಾಶ್ವತ ದುರಸ್ತಿಯೆಂದು ದಾಖಲಿಸಲು ಬರುವುದಿಲ್ಲ. ಇಂತಹ ತೇಪೆ ಬಹುಕಾಲ ಉಳಿದಿದ್ದಲ್ಲಿ ದೂರು ನೀಡಬಹುದು.

ಪ್ರಶ್ನೆ : ದೋಷ ಹೊಣೆಗಾರಿಕೆ ಅವಧಿ ಮುಗಿಯುವ ಹಂತದಲ್ಲಿದೆ. ನಿವಾಸಿಗಳು ಏನು ಮಾಡಬಹುದು?
ಉತ್ತರ : ಅವಧಿ ಮುಗಿಯುವ ಮುನ್ನವೇ ಬೀದಿಯ ಎಲ್ಲ ದೋಷಗಳನ್ನು ಪಟ್ಟಿ ಮಾಡಿ, ಛಾಯಾಚಿತ್ರಗಳ ಸಹಿತ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಅವಧಿಯೊಳಗೆ ದಾಖಲಾದ ದೋಷವನ್ನು ಗುತ್ತಿಗೆದಾರರ ವೆಚ್ಚದಲ್ಲಿ ಸರಿಪಡಿಸುವಂತೆ ಕೇಳಬಹುದು. ಅವಧಿಯ ನಂತರ ಅದೇ ದುರಸ್ತಿಗೆ ಸಾರ್ವಜನಿಕ ಹಣ ವೆಚ್ಚವಾಗುತ್ತದೆ.

ಪ್ರಶ್ನೆ : ನಿವಾಸಿಗಳ ಸಂಘವು ತಾನೇ ಸ್ಥಿತಿ ಸಮೀಕ್ಷೆ ನಡೆಸಬಹುದೇ?
ಉತ್ತರ : ನಡೆಸಬಹುದು. ಅದು ಅಧಿಕೃತ ಮೌಲ್ಯಮಾಪನವಾಗುವುದಿಲ್ಲ. ಆದರೆ ಫಲಕಗಳನ್ನು ಎಣಿಸಿ, ದಿನಾಂಕ ಸಹಿತ ದೋಷಗಳನ್ನು ಗುರುತಿಸಿದ ಪಟ್ಟಿಯು ಅಧಿಕೃತ ವರದಿಯನ್ನು ಪ್ರಶ್ನಿಸಲು ಅಥವಾ ಸಮರ್ಥಿಸಲು ಉಪಯುಕ್ತ. ಸಂಚಾರದ ಸುರಕ್ಷತೆಯ ದೃಷ್ಟಿಯಿಂದ ಸಮೀಕ್ಷೆಯನ್ನು ಪಾದಚಾರಿ ಮಾರ್ಗದಿಂದ, ಹಗಲು ಹೊತ್ತಿನಲ್ಲಿ ನಡೆಸತಕ್ಕದ್ದು.

ಮೇಲ್ಕಂಡ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿರ್ದಿಷ್ಟ ರಸ್ತೆಗೆ ಆ ರಸ್ತೆಯ ಕರಾರಿನ ಷರತ್ತುಗಳೇ ಅನ್ವಯವಾಗುತ್ತವೆ. ಮಳೆಗಾಲಕ್ಕೆ ಮುನ್ನ ತಮ್ಮ ಬೀದಿಯ ಸಂದುಗಳನ್ನು ಒಮ್ಮೆ ಗಮನಿಸಿ, ದೋಷಗಳಿದ್ದಲ್ಲಿ ಸಕಾಲದಲ್ಲಿ ದಾಖಲಿಸಿ ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.